ಮಸ್ಜಿದ್ ಬಂದರಿನ ಡ್ರೈಫ್ರೂಟ್ಸ್ ಅಂಗಡಿ ಮತ್ತು ಅದರ ಕರಿಹಲಗೆ

ಮಗಳ ಬಾಣಂತನಕ್ಕೆ ಅಂಟಿನುಂಡೆ ಕಟ್ಟಬೇಕಾಗಿತ್ತು. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕಟ್ಟಡದ ಕೆಳಗೇ ಎರಡು ಕಿರಾಣಿ ಅಂಗಡಿಗಳಿವೆ, ಮೊಬೈಲಿನಲ್ಲಿ ಹೇಳಿದರೆ ಅರ್ಧ ಗಂಟೆಯೊಳಗೆ ಬಾದಾಮಿ ಬಾಗಿಲಿಗೆ ಬರುತ್ತದೆ. ಆದರೂ ಅಂಟು, ಉತ್ತತ್ತಿ, ಗಸಗಸೆ, ಇಂಗು ಈ ನಾಲ್ಕನ್ನು ಮಾತ್ರ ನಾನು 27 ವರ್ಷಗಳಿಂದ ಮುಂಬಯಿಯ ಮಸ್ಜಿದ್ ಬಂದರಿನ ಒಂದೇ ಅಂಗಡಿಯಲ್ಲಿ ಕೊಳ್ಳುತ್ತ ಬಂದಿದ್ದೇನೆ. ಈ ವಿಮರ್ಶೆ ಆ ಅಂಗಡಿಯ ಕುರಿತು, 2025ರ ದೀಪಾವಳಿಗೆ ನಾಲ್ಕು ದಿನ ಮುಂಚೆ ಅಲ್ಲಿ ಮಾಡಿದ ಖರೀದಿಯ ಕುರಿತು. ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಹೊಗಳಿಕೆಯ ಜೊತೆಗೆ ಒಂದು ದೂರನ್ನೂ ಹೇಳಬೇಕಾಗಿದೆ, ಮತ್ತು ಆ ದೂರು ಅದೊಂದೇ ಅಂಗಡಿಯ ತಲೆಗೆ ಕಟ್ಟುವಂಥದ್ದಲ್ಲ. ಸ್ಯಾಮ್ಯುಯೆಲ್ ಸ್ಟ್ರೀಟಿನ ಆಸುಪಾಸಿನಲ್ಲಿ, ಬಾಗಿಲ ಪಕ್ಕ ಕರಿಹಲಗೆ ತೂಗುಹಾಕಿದ ಅಂಗಡಿ ಯಾವುದೆಂದು ಕೇಳಿದರೆ ಮೂಟೆ ಹೊರುವ ಮಾಥಾಡಿಗಳು ಕೈತೋರಿಸುತ್ತಾರೆ.

ಹೋಗುವವರಿಗೆ ಒಂದು ಮಾತು: ಫಾಸ್ಟ್ ಲೋಕಲ್ ಮಸ್ಜಿದ್‌ನಲ್ಲಿ ನಿಲ್ಲುವುದಿಲ್ಲ, ಭಾಯಖಳಾದಲ್ಲಿ ಇಳಿದು ಸ್ಲೋ ಗಾಡಿ ಹಿಡಿಯಬೇಕು. ಸ್ಟೇಷನ್ನಿನ ಹೆಸರು ಮಸ್ಜಿದ್ ಎಂದಿದ್ದರೂ ಅದಕ್ಕೆ ಕಾರಣವಾದದ್ದು ಮಸೀದಿಯಲ್ಲ, ಯಹೂದಿಗಳ ಪ್ರಾರ್ಥನಾ ಮಂದಿರ ಎಂದು ಇಲ್ಲಿಯ ಹಳಬರು ಹೇಳುತ್ತಾರೆ. ಬೇನೆ ಇಸ್ರಾಯೇಲ್ ಸಮುದಾಯದ ಸ್ಯಾಮ್ಯುಯೆಲ್ ಇಝೆಕಿಯಲ್ ದಿವೇಕರ್ ಎಂಬವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾಗಿ, ಜೀವ ಉಳಿದು ಊರಿಗೆ ಮರಳಿದರೆ ಗುಡಿ ಕಟ್ಟಿಸುತ್ತೇನೆಂದು ಹರಕೆ ಹೊತ್ತರಂತೆ. 1796ರಲ್ಲಿ ಕಟ್ಟಿಸಿದ ಆ ಮಂದಿರ ಇಂದಿಗೂ ಅದೇ ಬೀದಿಯಲ್ಲಿದೆ. ಅಲ್ಲಿಂದ ಅಷ್ಟೇನೂ ದೂರವಿಲ್ಲದ, ರೈಲು ಹಳಿಗಳನ್ನು ದಾಟಿ ಹಡಗುಕಟ್ಟೆಯ ಕಡೆಗೆ ಹೋಗುವ ಹಳೆಯ ಕರ್ನಾಕ್ ಸೇತುವೆಯನ್ನು 2022ರಲ್ಲಿ ಕೆಡವಿ ಹೊಸದಾಗಿ ಕಟ್ಟಿ, 2025ರ ಜುಲೈ 10ರಂದು ಸಿಂದೂರ ಸೇತುವೆ ಎಂದು ಹೆಸರಿಟ್ಟು ತೆರೆದಿದ್ದಾರೆ. ಮೈಸೂರಿನ ಯುದ್ಧಕೈದಿಯ ಬೀದಿಯಲ್ಲಿ ಮಾಲು ತುಂಬಿಕೊಂಡು, ಅದೇ ವರ್ಷದ ಮೇ ತಿಂಗಳ ಆಪರೇಷನ್ ಸಿಂದೂರ ಸೇನಾ ಕಾರ್ಯಾಚರಣೆಯ ಹೆಸರು ಹೊತ್ತ ಸೇತುವೆಯ ಕಡೆಗೆ ಕೈಗಾಡಿಗಳು ದಿನವಿಡೀ ಸಾಗುತ್ತವೆ, ಎಳೆಯುವವರ ಗಮನವೆಲ್ಲ ಏರಿನ ಮೇಲೆ.

ಅಂಗಡಿ ಎಂಟಡಿ ಅಗಲ, ಉದ್ದಕ್ಕೆ ಗುಹೆಯಂತೆ ಒಳಗೆ ಹೋಗುತ್ತದೆ. ಎ.ಸಿ. ಇಲ್ಲ, ಕೂರಲು ಒಂದು ಸ್ಟೂಲು ಇದೆ, ಅದರ ಮೇಲೆ ಯಾವಾಗಲೂ ಏಲಕ್ಕಿಯ ಡಬ್ಬಿ ಇರುತ್ತದೆ. ಗಲ್ಲೆಯಲ್ಲಿ ಸಿಂಧಿ ಸೇಠರು, ತಕ್ಕಡಿಯ ಹತ್ತಿರ ನಮ್ಮ ಇಂಡಿ ತಾಲ್ಲೂಕಿನ ಒಬ್ಬ ಹುಡುಗ. ನಾನು ಈ ಅಂಗಡಿಗೆ ಅಂಟಿಕೊಂಡದ್ದಕ್ಕೆ ಮುಖ್ಯ ಕಾರಣ ಆ ಕರಿಹಲಗೆ. ಅದರಲ್ಲಿ ಮೂರು ಅಂಕಣಗಳಿವೆ: ಮಾಲು, ದರ, ದೇಶ. ಮಾಲು ಎಲ್ಲಿಯದೆಂದು ಹೇಳದೆ ದರ ಹೇಳುವುದು ಅರ್ಧ ಮಾತು ಎನ್ನುವುದು ಸೇಠರ ತಂದೆಯ ಕಾಲದಿಂದ ಬಂದ ರೂಢಿಯಂತೆ. ಪೊಟ್ಟಣ ಕಟ್ಟಿದ ಮೇಲೂ ಚೀಟಿಯಲ್ಲಿ ತೂಕದ ಕೆಳಗೆ ದೇಶದ ಹೆಸರು ಬರೆದೇ ಕೊಡುತ್ತಾರೆ. ಕಳೆದ ಆರು ವರ್ಷಗಳಲ್ಲಿ ದರದ ಅಂಕಣಕ್ಕಿಂತ ಹೆಚ್ಚು ಸಲ ಒರೆಸಿ ಬರೆದದ್ದು ದೇಶದ ಅಂಕಣವನ್ನೇ. ಆ ಭಾಗದ ಕಪ್ಪು ಬಣ್ಣವೇ ಸವೆದು ಮರ ಕಾಣುತ್ತಿದೆ.

ಮೊದಲು ಇಂಗು. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂದು ನಾವು ಆಡಿಕೊಳ್ಳುತ್ತೇವೆ. ತೆಂಗು ಹಿತ್ತಲಿನದು, ಇಂಗು ಮಾತ್ರ ಪರದೇಶದ್ದು. ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳ ಒಣ ಗುಡ್ಡಗಳಲ್ಲಿ ಬೆಳೆಯುವ ಗಿಡದ ಬೇರಿಗೆ ಗಾಯ ಮಾಡಿದಾಗ ಒಸರುವ ಹಾಲು ಗಟ್ಟಿಯಾಗಿ ಇಂಗಾಗುತ್ತದೆ. ನಮ್ಮ ನೆಲದಲ್ಲಿ ಅದನ್ನು ಬೆಳೆಸುವ ಪ್ರಯತ್ನಕ್ಕೆ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಮೊದಲ ಸಸಿ ನೆಟ್ಟದ್ದೇ 2020ರ ಅಕ್ಟೋಬರಿನಲ್ಲಿ. ಸೇಠರು ತಗಡಿನ ಡಬ್ಬಿಯ ಮುಚ್ಚಳ ಅರ್ಧ ಮಾತ್ರ ತೆರೆದು, ಕಡಲೆಗಾತ್ರದ ಒಂದು ಚೂರನ್ನು ಉಗುರಿನಿಂದ ಕಿತ್ತು, ಗಾಜಿನ ಲೋಟದ ನೀರಿಗೆ ಬಿಟ್ಟರು. ಒಂದೆರಡು ನಿಮಿಷದಲ್ಲಿ ನೀರೆಲ್ಲ ಹಾಲಿನಂತೆ ಬೆಳ್ಳಗಾಯಿತು, ತಳದಲ್ಲಿ ಕಸ ನಿಲ್ಲಲಿಲ್ಲ. ಈ ಪರೀಕ್ಷೆಯನ್ನು ಕೇಳದೆಯೇ ಮಾಡಿ ತೋರಿಸುವುದು ಈ ಅಂಗಡಿಯ ದೊಡ್ಡತನ. ಹಲಗೆಯ ಮೇಲೆ ಕಂದಹಾರ ಎಂದು ಬರೆದಿತ್ತು.

ಆದರೆ ಗಟ್ಟಿ ಇಂಗನ್ನು ಕೊಳ್ಳುವ ಶಕ್ತಿ ನಮ್ಮಂಥವರಿಗೆ ಎಲ್ಲಿದೆ? ನಾವು ಕೊಳ್ಳುವುದು ಪುಡಿ ಇಂಗಿನ ಡಬ್ಬಿ. ಅದರ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದೆ: ಅಂಟು, ಮೈದಾ, ಇಂಗು. ಆ ಮೂರನ್ನೂ ಹಲಗೆಯ ಜೊತೆ ಹೊಂದಿಸಿ ನೋಡಿದರೆ ಒಂದು ಡಬ್ಬಿಯಲ್ಲಿ ಮೂರು ಯುದ್ಧಗಳು ಕುಳಿತಿದ್ದವು. ಇಂಗು ಅಫ್ಘಾನಿಸ್ತಾನದ್ದು, ಅಲ್ಲಿಯ ನಾಲ್ಕೂವರೆ ದಶಕದ ಕಥೆಯನ್ನು ಹೇಳಬೇಕಾಗಿಲ್ಲ. ಮೈದಾ ನಮ್ಮದೇ ಗೋಧಿಯದು. ಉಕ್ರೇನ್ ಯುದ್ಧದಿಂದ ಜಗತ್ತಿನ ಗೋಧಿ ದುಬಾರಿಯಾಗಿ, ನಮ್ಮಲ್ಲಿ ಬಿಸಿಗಾಳಿಗೆ ಬೆಳೆ ಸೊರಗಿ, 2022ರ ಮೇ 13ರಂದು ಸರಕಾರ ಹೊರದೇಶಕ್ಕೆ ಗೋಧಿ ಕಳಿಸುವುದನ್ನು ತಡೆಹಿಡಿಯಿತು. ಅಂಟು ಬರುವುದು ಬಹುಪಾಲು ಸುಡಾನಿನಿಂದ. ಕೋರ್ದೊಫಾನ್ ಮತ್ತು ದಾರ್‌ಫುರ್ ಪ್ರಾಂತಗಳ ಜಾಲಿ ಜಾತಿಯ ಮರಗಳಿಂದ ಅದನ್ನು ಕೊಯ್ಯುತ್ತಾರೆ. 2023ರ ಏಪ್ರಿಲ್ 15ರಿಂದ ಆ ದೇಶದ ಸೈನ್ಯವೂ ಅರೆಸೈನ್ಯವೂ ಪರಸ್ಪರ ಕಾದಾಡುತ್ತಿರುವುದು ಹೆಚ್ಚಾಗಿ ಅದೇ ಸೀಮೆಯಲ್ಲಿ.

ಇಷ್ಟಾದರೂ ಅಂಟಿಗೆ ಬರವಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಂಟಿನುಂಡೆಗೆ ನಾನು ಕೊಂಡ ಅಂಟಿನ ದರ ಏರಿತ್ತು, ಹಲಗೆಯಲ್ಲಿ ಸುಡಾನ್ ಒರೆಸಿ ಚಾಡ್ ಎಂದು ಬರೆದಿದ್ದರು, ಆದರೆ ಮೂಟೆಗಳು ಮಾಳಿಗೆಯವರೆಗೆ ಪೇರಿಸಿದ್ದವು. ಇದಕ್ಕೊಂದು ಹಿನ್ನೆಲೆಯಿದೆ. ಬಾಣಂತಿಯರಿಗಷ್ಟೇ ಬೇಕಾದ ವಸ್ತು ಇದಾಗಿದ್ದರೆ ಎಂದೋ ನಿಂತುಹೋಗುತ್ತಿತ್ತು. ತಂಪು ಪಾನೀಯ, ಮಿಠಾಯಿ, ಔಷಧ, ಮುದ್ರಣದ ಶಾಯಿ ಎಲ್ಲಕ್ಕೂ ಅದೇ ಅಂಟು ಬೇಕು. 1997ರಲ್ಲಿ ಅಮೆರಿಕ ಸುಡಾನಿನ ಮೇಲೆ ವ್ಯಾಪಾರ ನಿರ್ಬಂಧ ಹೇರಿದಾಗ ಕೂಡ ಅಂಟಿಗೆ ವಿನಾಯಿತಿ ಸಿಕ್ಕಿತು. ಮರಗಳಿರುವ ನೆಲ ಯಾವ ಪಡೆಯ ಕೈಯಲ್ಲಿದ್ದರೂ ದೊಡ್ಡ ಗಿರಾಕಿಯ ಪೀಪಾಯಿ ತುಂಬಬೇಕು, ಮೂಟೆ ಪಕ್ಕದ ದೇಶದ ದಾರಿ ಹಿಡಿದು ಹೊರಬೀಳುತ್ತದೆ. ಗುಣಮಟ್ಟದ ಬಗ್ಗೆ ಹೇಳುವುದಾದರೆ, ತುಪ್ಪದಲ್ಲಿ ಹುರಿದಾಗ ಹರಳುಗಳು ಒಳಗಿನವರೆಗೂ ಅರಳಿದವು, ಒಂದೂ ಹಲ್ಲಿಗೆ ಅಂಟಲಿಲ್ಲ.

ಇನ್ನು ಉತ್ತತ್ತಿ. ದೂರು ಇರುವುದು ಇಲ್ಲಿಯೇ.

2019ಕ್ಕೆ ಮುಂಚೆ ಈ ಪೇಟೆಯ ಉತ್ತತ್ತಿ ಹೆಚ್ಚಾಗಿ ಬರುತ್ತಿದ್ದದ್ದು ಪಾಕಿಸ್ತಾನದ ಸಿಂಧ್ ಪ್ರಾಂತದ ಖೈರ್‌ಪುರ, ಸಕ್ಕರ್ ಕಡೆಯಿಂದ. ಅಲ್ಲಿ ಮಳೆಗಾಲಕ್ಕೆ ಸಿಕ್ಕಿ ಕೆಡದಿರಲೆಂದು ಖರ್ಜೂರವನ್ನು ಪೂರ್ತಿ ಹಣ್ಣಾಗುವ ಮುನ್ನವೇ ಕೊಯ್ದು, ಕೊಪ್ಪರಿಗೆಯಲ್ಲಿ ಕುದಿಸಿ, ಬಿಸಿಲಿಗೆ ಹರವುತ್ತಾರೆ. ಹಾಗೆ ಸುಕ್ಕುಗಟ್ಟಿದ ಉತ್ತತ್ತಿಗೆ ಅವರ ಮನೆಗಳಲ್ಲಿ ಅಷ್ಟು ಬೇಡಿಕೆಯಿಲ್ಲ, ನಮ್ಮಲ್ಲಿ ಮದುವೆಯ ಉಡಿ ತುಂಬಲಿಕ್ಕೂ ಬಾಣಂತಿಯ ಉಂಡೆಗೂ ಅದಿಲ್ಲದೆ ಆಗುವುದಿಲ್ಲ. ಒಬ್ಬರ ಹೆಚ್ಚುವರಿ ಇನ್ನೊಬ್ಬರ ಅಗತ್ಯ. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು. ಪುಲ್ವಾಮಾ ದಾಳಿಯಾದ ಎರಡು ದಿನಕ್ಕೆ, 2019ರ ಫೆಬ್ರವರಿ 16ರಂದು, ಪಾಕಿಸ್ತಾನದ ಮಾಲಿನ ಮೇಲೆ ಭಾರತ ಶೇ. 200 ಸುಂಕ ಹಾಕಿತು. ಆಗಸ್ಟಿನಲ್ಲಿ ಪಾಕಿಸ್ತಾನವೂ ವ್ಯಾಪಾರವನ್ನು ನಿಲ್ಲಿಸಿತು. ನೂರು ರೂಪಾಯಿಯ ಆಸುಪಾಸಿನಲ್ಲಿ ನಾನು ತರುತ್ತಿದ್ದ ಕಿಲೋ ಉತ್ತತ್ತಿ ಅಂದಿನಿಂದ ಏರುತ್ತ ಹೋಯಿತು, ಈ ಸಲ ಕಿಲೋಗೆ 360ರ ದರ ಕೊಟ್ಟಿದ್ದೇನೆ. ಪಹಲ್ಗಾಮಿನ ಹತ್ಯಾಕಾಂಡದ ನಂತರ 2025ರ ಮೇ 2ರಂದು ಬಂದ ಆದೇಶದ ಪ್ರಕಾರ, ನೇರವಾಗಿಯಾಗಲಿ ಮೂರನೆಯ ದೇಶದ ಮೂಲಕವಾಗಲಿ, ಪಾಕಿಸ್ತಾನದ ಯಾವ ವಸ್ತುವೂ ಇಲ್ಲಿಗೆ ಬರುವಂತಿಲ್ಲ.

ಬಂದಿತೇ? ಜೂನ್ ತಿಂಗಳಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ನ್ಹಾವಾ ಶೇವಾ ಬಂದರಿನಲ್ಲಿ 39 ಕಂಟೇನರ್ ಹಿಡಿದರು. ಒಳಗೆ 1,115 ಟನ್ ಮಾಲು, ಬೆಲೆ ಸುಮಾರು 9 ಕೋಟಿ. ಕಾಗದದಲ್ಲಿ ಮೂಲ ಯುಎಇ, ತನಿಖೆಯಲ್ಲಿ ಮೂಲ ಪಾಕಿಸ್ತಾನ. ಅದರಲ್ಲಿ ಉತ್ತತ್ತಿಯೂ ಇತ್ತು. ಆ ಸುದ್ದಿ ಬಂದ ವಾರ ಅಂಗಡಿಗೆ ಹೋಗಿದ್ದೆ. ಉತ್ತತ್ತಿಯ ಮುಂದೆ ದುಬೈ ಎಂದು ಬರೆದಿತ್ತು. ಮರಳುಗಾಡಿನಲ್ಲಿ ಖರ್ಜೂರ ಬೆಳೆಯುವುದು ಹೌದಾದರೂ, ಆ ಚೀಲದ ಉತ್ತತ್ತಿಯ ಬಣ್ಣ, ತುದಿಯ ಚೂಪು, ಬೀಜದ ಸಣ್ಣತನ, ಎಲ್ಲ ನಾನು ಇಪ್ಪತ್ತು ವರ್ಷ ಬಿಡಿಸಿದ ಹಳೆಯ ಉತ್ತತ್ತಿಯದೇ. ತಕ್ಕಡಿಯ ಹುಡುಗನನ್ನು ಕೇಳಿದೆ. ಅವನು ಸೇಠರ ಕಡೆ ಒಮ್ಮೆ ನೋಡಿ, "ಚೀಲದ ಮ್ಯಾಲ ದುಬೈ ಅಂತ ಐತ್ರೀ ಅಕ್ಕಾರ, ಒಳಗಿನ ಮಾಲಿಗೆ ಬಾಯಿ ಇಲ್ರಿ" ಎಂದ. ನಾನು ಸೇಠರಿಗೇ ನೇರವಾಗಿ ಹೇಳಿದೆ: ನಿಮ್ಮ ಹಲಗೆಯನ್ನು ನಂಬಿ ಇಷ್ಟು ದೂರ ಬರುತ್ತೇನೆ, ಅದರಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಬರೆಯಬಾರದು. ಅವರು ವಾದಿಸಲಿಲ್ಲ. ಸಗಟು ವ್ಯಾಪಾರಿ ಕೊಟ್ಟ ಬಿಲ್ಲಿನಲ್ಲಿ ಹಾಗಿದೆ, ನಾನೂ ಕೊಂಡವನೇ, ಎಂದಷ್ಟೇ ಹೇಳಿದರು. ಸರಿಯಾದ ಉತ್ತರವೇ ಇರಬಹುದು, ಆದರೆ ಈ ಅಂಗಡಿಯಲ್ಲಿ ನಾನು ನಿರೀಕ್ಷಿಸಿದ ಉತ್ತರ ಅದಲ್ಲ.

ದೂರನ್ನು ಬರೆದ ಮೇಲೆ ಸೇಠರ ಪಕ್ಷದ ಮಾತನ್ನೂ ಬರೆಯುವುದು ನ್ಯಾಯ. ಅವರ ಮನೆತನ ಸಿಂಧಿನ ಶಿಕಾರಪುರದ್ದು (ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರವಲ್ಲ, ಹೆಸರು ಕೇಳಿ ಮೊದಲ ಸಲ ನಾನೂ ಮೋಸಹೋಗಿದ್ದೆ). ಬೋಲನ್ ಕಣಿವೆಯ ದಾರಿಯಲ್ಲಿ ಕಂದಹಾರ, ಬುಖಾರಾವರೆಗೆ ಹುಂಡಿ, ಅಂದರೆ ಹಣ ಸಲ್ಲಿಸುವ ಚೀಟಿಯ ವ್ಯವಹಾರ, ನಡೆಸುತ್ತಿದ್ದ ವ್ಯಾಪಾರಿಗಳ ಊರು ಅದು. ಅಜ್ಜ 1947ರಲ್ಲಿ ಹೊರಟು ಬಂದರೂ, ಮರುವರ್ಷ ಕಾಶ್ಮೀರದಲ್ಲಿ ಎರಡೂ ಸೈನ್ಯಗಳು ಹೊಡೆದಾಡುತ್ತಿದ್ದಾಗ, ಅದೇ ಖೈರ್‌ಪುರದಿಂದ ಮಾಲು ತರಿಸುತ್ತಿದ್ದರಂತೆ. ಇದು ಮನೆಯ ಬಡಾಯಿ ಇರಲಾರದು, ಏಕೆಂದರೆ ಆ ಮೊದಲ ಯುದ್ಧದ ಉದ್ದಕ್ಕೂ ಎರಡು ದೇಶಗಳ ವ್ಯಾಪಾರ ನಡೆದೇ ಇತ್ತು. ಅದು ಕಟ್ಟಿಹೋದದ್ದು ಕದನವಿರಾಮವಾದ ಮೇಲೆ, 1949ರ ಸೆಪ್ಟೆಂಬರಿನಲ್ಲಿ, ಭಾರತ ರೂಪಾಯಿಯನ್ನು ಅಪಮೌಲ್ಯಗೊಳಿಸಿ ಪಾಕಿಸ್ತಾನ ಹಾಗೆ ಮಾಡಲು ಒಪ್ಪದಿದ್ದಾಗ. ಗುಂಡಿಗೆ ನಿಲ್ಲದ ಗಾಡಿ ವಿನಿಮಯ ದರದ ಜಗಳಕ್ಕೆ ನಿಂತಿತು. ಆ ಬಳಿಕ 1996ರಲ್ಲಿ ಭಾರತ ಪಾಕಿಸ್ತಾನಕ್ಕೆ ಪರಮಾಪ್ತ ರಾಷ್ಟ್ರದ (ಸುಂಕದಲ್ಲಿ ಉಳಿದ ದೇಶಗಳಷ್ಟೇ ಸವಲತ್ತು ಪಡೆಯುವ) ಸ್ಥಾನ ಕೊಟ್ಟರೂ, ಅತ್ತಲಿಂದ ಅದಕ್ಕೆ ಪ್ರತಿಯಾಗಿ ಆ ಸ್ಥಾನ ಬರಲಿಲ್ಲ. ಮುರಿದರೂ ಯಾರಿಗೂ ನೋವಾಗದಷ್ಟು ಸಣ್ಣದಾಗಿಯೇ ವ್ಯಾಪಾರವನ್ನು ಎರಡೂ ಕಡೆ ಇಟ್ಟುಕೊಂಡರು.

ಕೊಡು-ಕೊಳ್ಳುವಿಕೆ ಹೆಚ್ಚಿದರೆ ದೇಶಗಳು ಕಾದಾಡುವುದಿಲ್ಲ ಎಂದು ಹೇಳುವವರಿಗೆ ಯುರೋಪು ಒಳ್ಳೆಯ ಉದಾಹರಣೆ. ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್ 1950ರ ಮೇ 9ರಂದು ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕುಗಳನ್ನು ಒಂದೇ ಆಡಳಿತದ ಕೆಳಗೆ ತರುವ ಪ್ರಸ್ತಾಪ ಇಟ್ಟರು; ಫಿರಂಗಿ ಎರಕ ಹೊಯ್ಯುವ ಸಾಮಗ್ರಿಯೇ ಹಂಚಿಕೆಯಾದರೆ ಒಬ್ಬರ ಮೇಲೊಬ್ಬರು ಯುದ್ಧಕ್ಕೆ ಹೋಗಲು ಕೈಯಲ್ಲಿ ಏನೂ ಇರುವುದಿಲ್ಲ ಎಂಬ ಲೆಕ್ಕಾಚಾರ. ಅದು ಫಲಿಸಿತು. ಆದರೆ 1914ರಲ್ಲಿ ಬ್ರಿಟನ್ ಮತ್ತು ಜರ್ಮನಿ ಪರಸ್ಪರ ದೊಡ್ಡ ಗಿರಾಕಿಗಳಾಗಿದ್ದೂ ಕಂದಕಕ್ಕೆ ಇಳಿದವು. ರಷ್ಯಾದ ಅನಿಲ ಉಕ್ರೇನಿನ ನೆಲದಡಿಯ ಕೊಳವೆಯಲ್ಲಿ, ಮೇಲೆ ಕ್ಷಿಪಣಿ ಹಾರುತ್ತಿರುವಾಗಲೇ, 2025ರ ಜನವರಿ 1ರವರೆಗೆ ಹರಿಯುತ್ತಲೇ ಇತ್ತು, ಅದಕ್ಕೆ ಉಕ್ರೇನಿಗೆ ಬಾಡಿಗೆಯೂ ಬರುತ್ತಿತ್ತು. ಅಷ್ಟು ದೂರ ಹೋಗುವುದೇಕೆ, ವಿಜಯನಗರದ ಅರಸರಿಗೆ ಪರದೇಶದ ವ್ಯಾಪಾರವೆಂದರೆ ಹೋರ್ಮುಜ್‌ನಿಂದ ಬರುವ ಕುದುರೆ. ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದರೆಂದು ಆ ಕಾಲದ ಪೋರ್ಚುಗೀಸ್ ಕುದುರೆ ವ್ಯಾಪಾರಿಯೊಬ್ಬ ಬರೆದಿಟ್ಟಿದ್ದಾನೆ. ಗೋವೆಗೆ ಇಳಿಯುವ ಕುದುರೆಗಳೆಲ್ಲ ತಮಗೇ ಸಿಗಬೇಕು, ಬಿಜಾಪುರಕ್ಕೆ ಸಿಗಬಾರದು ಎಂದು 1547ರಲ್ಲಿ ಪೋರ್ಚುಗೀಸರೊಂದಿಗೆ ಒಪ್ಪಂದವೂ ಆಯಿತು. ಆ ವ್ಯಾಪಾರ ಯುದ್ಧವನ್ನು ತಡೆಯಲಿಲ್ಲ, ಯುದ್ಧಕ್ಕೆ ಕಾಲು ಕೊಟ್ಟಿತು.

ಹಲಗೆಯ ಮುಂದೆ ನಿಂತು ನಾನು ತಿಳಿದುಕೊಂಡದ್ದು ಇಷ್ಟು: ಬಲವಂತರಿಗೆ ಬೇಕಾದ ಮಾಲು ಯಾವ ಯುದ್ಧದಲ್ಲೂ ದಾರಿ ಮಾಡಿಕೊಳ್ಳುತ್ತದೆ, ನೆರೆಹೊರೆಯವರು ತಲೆಹೊರೆಯಲ್ಲಿ ದಾಟಿಸುವ ಮಾಲು ಮೊದಲ ದಿನವೇ ನಿಲ್ಲುತ್ತದೆ. ಉತ್ತತ್ತಿ ಸಿಗದೆ ಯಾವ ಸರಕಾರವೂ ಬೀಳುವುದಿಲ್ಲ, ಆದ್ದರಿಂದ ಸಿಟ್ಟನ್ನು ತೋರಿಸಲು ಅದು ಅಗ್ಗದ ವಸ್ತು. ಪಹಲ್ಗಾಮಿನಲ್ಲಿ ಸತ್ತವರ ಮನೆಗಳಲ್ಲಿ ಡೊಂಬಿವಲಿಯ ಮನೆಗಳೂ ಇದ್ದವು. ಆ ವಾರ ನಮ್ಮ ಊರಿನ ಅಂಗಡಿಗಳೆಲ್ಲ ಮುಚ್ಚಿದ್ದವು, ನಿಷೇಧ ಬೇಡವಾಗಿತ್ತು ಎಂದು ನಾನು ಹೇಳಲಾರೆ. ಬೇಕಾಗಿತ್ತು ಎಂದು ಹೇಳುವಾಗಲೂ, ಅದರ ಪೆಟ್ಟು ಬಿದ್ದದ್ದು ಕೊಪ್ಪರಿಗೆಯ ಮುಂದೆ ನಿಂತವರಿಗೋ ಪೆಟ್ಟು ಬೀಳಬೇಕಾದವರಿಗೋ ಎಂಬ ಅನುಮಾನ ಉಳಿಯುತ್ತದೆ.

ಉಳಿದ ಮಾಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಲಿಫೋರ್ನಿಯಾದ ಬಾದಾಮಿ ಎಂದಿನಂತೆ ಧಾರಾಳ. ಅದರ ಮೇಲೆ ನಡೆಯುವುದು ಸುಂಕದ ಯುದ್ಧ ಮಾತ್ರ: 2019ರ ಜೂನಿನಲ್ಲಿ ನಾವು ಏರಿಸಿದೆವು, 2023ರಲ್ಲಿ ಇಳಿಸಿದೆವು, 2025ರ ಆಗಸ್ಟಿನಲ್ಲಿ ರಷ್ಯಾದ ಎಣ್ಣೆ ಕೊಂಡದ್ದಕ್ಕೆ ದಂಡವೂ ಸೇರಿ ಅಮೆರಿಕ ನಮ್ಮ ಮಾಲಿನ ಮೇಲೆ ಶೇ. 50 ಹಾಕಿತು. ಬಾದಾಮಿಯ ಮೂಟೆ ಮಾತ್ರ ಇದ್ದಲ್ಲಿಂದ ಕದಲಿಲ್ಲ. ಗಸಗಸೆ ತುರ್ಕಿಯದು. ಮೇ ತಿಂಗಳಲ್ಲಿ ತುರ್ಕಿ ಪಾಕಿಸ್ತಾನದ ಪರ ನಿಂತಿತೆಂದು ಪುಣೆಯ ಹಣ್ಣಿನ ವ್ಯಾಪಾರಿಗಳು ಅಲ್ಲಿಯ ಸೇಬನ್ನು ಬಹಿಷ್ಕರಿಸಿದ್ದರು. ಸೇಬಿಗೆ ಹಿಮಾಚಲ, ಕಾಶ್ಮೀರಗಳಿವೆ. ಗಸಗಸೆಗೆ ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಲೈಸೆನ್ಸಿನ ಮೇಲೆ ಬೆಳೆಯುವುದು ಸಾಲದು, ಹೀಗಾಗಿ ಅದರ ಬಹಿಷ್ಕಾರದ ಮಾತು ಈ ಪೇಟೆಯಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ಅಫ್ಘಾನಿ ಅಂಜೂರ ಆ ಸಲ ಕೊಳ್ಳುವಂತಿರಲಿಲ್ಲ. ಏಪ್ರಿಲಿನಲ್ಲಿ ಪಾಕಿಸ್ತಾನದ ಗಡಿಯ ಅಟ್ಟಾರಿ ನಾಕೆಯನ್ನು ಮುಚ್ಚಿ, ಮೇ ಮಧ್ಯದಲ್ಲಿ 160 ಅಫ್ಘಾನ್ ಲಾರಿಗಳಿಗೆ ಮಾತ್ರ ಬಿಟ್ಟಿದ್ದರು. ನಾನು ಹೋದ ವಾರವೇ ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನ ತಮ್ಮತಮ್ಮಲ್ಲೇ ಗುಂಡು ಹಾರಿಸಿಕೊಂಡು ತೋರ್ಖಮ್ ಗಡಿಯೂ ಮುಚ್ಚಿತ್ತು. ಅಂಗಡಿಯಲ್ಲಿದ್ದದ್ದು ಹಳೆಯ ದಾಸ್ತಾನು, ದಾರದಲ್ಲಿ ಪೋಣಿಸಿದ ಸರ ಗಟ್ಟಿಯಾಗಿತ್ತು, ದರ ಮಾತ್ರ ಹೊಸದು. ನನಗೆ ಬೇಡವೆಂದು ಸೇಠರೇ ಹೇಳಿದರು, ಅದು ಅವರ ಲೆಕ್ಕಕ್ಕೆ ಜಮೆ.

ತೂಕದಲ್ಲಿ ಮೋಸವಿಲ್ಲ. ಮನೆಗೆ ಬಂದು ತೂಗಿದಾಗ ಪ್ರತಿ ಪೊಟ್ಟಣದಲ್ಲೂ ಐದಾರು ಗ್ರಾಂ ಹೆಚ್ಚೇ ಇತ್ತು. ಚೌಕಾಸಿಗೆ ಜಾಗವಿಲ್ಲ, ಉದ್ರಿ ಇಲ್ಲವೇ ಇಲ್ಲ. ಸೆಪ್ಟೆಂಬರ್ 22ರಿಂದ ಡ್ರೈಫ್ರೂಟ್ಸ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದದ್ದನ್ನು ಬಿಲ್ಲಿನಲ್ಲಿ ಸರಿಯಾಗಿ ತೋರಿಸಿದ್ದರು. ಹಬ್ಬದ ಗದ್ದಲದಲ್ಲಿ ಹಳೆಯ ದರವನ್ನೇ ಹಾಕುವ ಅಂಗಡಿಗಳನ್ನು ನೋಡಿದ್ದೇನೆ. ಬೆಳಿಗ್ಗೆ ಹನ್ನೊಂದರ ಒಳಗೆ ಹೋಗುವುದು ಒಳ್ಳೆಯದು, ಆಮೇಲೆ ಕೈಗಾಡಿಗಳ ನಡುವೆ ಕಾಲಿಡಲಿಕ್ಕಾಗುವುದಿಲ್ಲ. ಚೀಲವನ್ನು ಮನೆಯಿಂದಲೇ ಒಯ್ಯಿರಿ, ಅವರು ಕೊಡುವ ಬಟ್ಟೆಚೀಲದ ಹಿಡಿ ಭಾಯಖಳಾದವರೆಗೂ ಬಾಳುವುದಿಲ್ಲ.

ಉತ್ತತ್ತಿ ಅರ್ಧ ಕಿಲೋ ಮಾತ್ರ ತೆಗೆದುಕೊಂಡೆ, ಉಳಿದದ್ದಕ್ಕೆ ಒಣದ್ರಾಕ್ಷಿ ಹಾಕಿದರಾಯಿತು ಎಂದುಕೊಂಡು. ಹಲಗೆಯಲ್ಲಿ ಅದರ ಮುಂದೆ ಜೂನಿನಲ್ಲಿದ್ದ ದುಬೈ ಇರಲಿಲ್ಲ, ಬೇರೆ ಹೆಸರೂ ಇರಲಿಲ್ಲ. ಹುಡುಗ ಪೊಟ್ಟಣಗಳನ್ನು ಕಟ್ಟುತ್ತ ಚೀಟಿ ಬರೆಯುತ್ತಿದ್ದ: ಅಂಟಿಗೆ ಚಾಡ್, ಗಸಗಸೆಗೆ ತುರ್ಕಿ, ಬಾದಾಮಿಗೆ ಅಮೆರಿಕ. ನಾಲ್ಕನೆಯದಕ್ಕೆ ಬಂದಾಗ ಪೆನ್ನು ಎತ್ತಿ, "ಇದಕ್ಕ ಏನ್ ಬರೀಲ್ರಿ ಅಕ್ಕಾರ?" ಎಂದು ನನ್ನನ್ನೇ ಕೇಳಿದ. ಸೇಠರು ಗಲ್ಲೆಯಿಂದ ತಲೆ ಎತ್ತದೆ ತೂಕ ಬರಿ ಸಾಕು ಎಂದರು. ಹುಡುಗ 500 ಗ್ರಾಂ ಎಂದು ಬರೆದು ಚೀಟಿ ಅಂಟಿಸಿದ.